ಪೈಪ್ ಗಟ್ಟಿ ಇದ್ದರೆ ಸಾಲದು: ರ‍್ಯಾಲಿ ಕಾರಿಗೆ ರೋಲ್ ಕೇಜ್ ಕಟ್ಟುವ ಬಗೆ

ಪ್ರಶ್ನೆ: ಸರ್, ನಾನು ಮೂಡಿಗೆರೆ ಕಡೆಯವನು. ಮನೆಯಲ್ಲಿ ಹಳೇ ಮಾರುತಿ ಎಸ್ಟೀಮ್ ಇದೆ. ಅದನ್ನ ರ‍್ಯಾಲಿಗೆ ರೆಡಿ ಮಾಡಬೇಕು ಅಂತ ಆಸೆ. ನಮ್ಮೂರಲ್ಲಿ ಗೇಟು, ತೋಟದ ಶೆಡ್ಡು ಮಾಡುವ ವೆಲ್ಡರ್ ಒಬ್ಬರಿದ್ದಾರೆ. ಕೆಲಸ ಚೆನ್ನಾಗಿದೆ. "ಸಿ ಕ್ಲಾಸ್ ಜಿಐ ಪೈಪಲ್ಲಿ ಕೇಜ್ ಮಾಡಿಕೊಡ್ತೀನಿ, ಆನೆ ತುಳಿದ್ರೂ ಬಗ್ಗಲ್ಲ" ಅಂತಾರೆ. ಮಾಡಿಸಬಹುದಾ? ಬೋಲ್ಟ್ ಹಾಕೋದು ಒಳ್ಳೇದಾ, ವೆಲ್ಡ್ ಮಾಡೋದಾ? ಕೇಜ್ ಹಾಕಿದ ಮೇಲೆ ಉಳಿದ ದಿನ ಅದೇ ಕಾರಲ್ಲಿ ಪೇಟೆಗೆ ಓಡಾಡಬಹುದಾ?

ಉತ್ತರ: ಆನೆ ತುಳಿದರೆ ಪೈಪ್ ಬಗ್ಗದೇ ಇರಬಹುದು. ಆದರೆ ಆ ಪೈಪ್ ನಿಂತಿರುವ ಫ್ಲೋರ್ ಶೀಟಿನ ಕಥೆ ಏನು? ನಿಮ್ಮ ವೆಲ್ಡರ್ ಅದರ ಬಗ್ಗೆ ಒಂದು ಮಾತೂ ಆಡಿಲ್ಲ ನೋಡಿ. ರೋಲ್ ಕೇಜ್, ಅಂದರೆ ಪಲ್ಟಿಯಲ್ಲಿ ಒಳಗಿದ್ದವರನ್ನು ಕಾಪಾಡೋಕೆ ಕಾರಿನೊಳಗೆ ಕಟ್ಟುವ ಪೈಪಿನ ಪಂಜರ, ಅಂದ ತಕ್ಷಣ ಎಲ್ಲರೂ ಪೈಪಿನ ದಪ್ಪ ಕೇಳುತ್ತಾರೆ. ನಾನು ಮೊದಲು ನೋಡುವುದು ಪೈಪ್ ಎಲ್ಲಿ ಊರಿದೆ, ಎಲ್ಲಿ ಕೂಡಿದೆ ಅನ್ನೋದನ್ನ. ಕೆಟ್ಟ ಕೇಜ್ ಸೋಲುವುದು ಹೆಚ್ಚಾಗಿ ಆ ಎರಡು ಜಾಗದಲ್ಲೇ.

ಕಾರು ಪಲ್ಟಿ ಹೊಡೆಯುವಾಗ ನೀಟಾಗಿ ತಲೆಕೆಳಗಾಗಿ ಕೂರಲ್ಲ. ಓರೆಯಾಗಿ ಬಂದು, ಸಾಮಾನ್ಯವಾಗಿ ವಿಂಡ್‌ಶೀಲ್ಡ್ ಪಕ್ಕದ ಒಂದು ಮೂಲೆಯನ್ನು ಮೊದಲು ನೆಲಕ್ಕೆ ಗುದ್ದುತ್ತದೆ. ಅದೂ ಪಕ್ಕಕ್ಕೆ ಜಾರುತ್ತಾ. ಆ ಹೊಡೆತ ಮೂಲೆಯಿಂದ ಪೈಪಿಗೆ, ಪೈಪಿಂದ ಜಾಯಿಂಟಿಗೆ, ಅಲ್ಲಿಂದ ಕೇಜಿನ ಕಾಲಿಗೆ, ಕಾಲಿಂದ ಫ್ಲೋರಿಗೆ ಇಳಿಯುತ್ತದೆ. ದಾರಿಯಲ್ಲಿ ಎಲ್ಲಿ ಬಲ ಕಡಿಮೆಯೋ ಅಲ್ಲಿ ಬಿಟ್ಟುಕೊಡುತ್ತದೆ. ಎಸ್ಟೀಮ್‌ನಂಥ ಕಾರಿನ ಫ್ಲೋರ್ ಶೀಟ್ ಒಂದು ಎಂಎಂಗೂ ತೆಳು. ಅದರ ಮೇಲೆ ಪೈಪನ್ನು ಹಾಗೇ ನಿಲ್ಲಿಸಿ ವೆಲ್ಡ್ ಮಾಡಿದರೆ, ಪಲ್ಟಿಯಲ್ಲಿ ಪೈಪು ತಗಡನ್ನು ಹರಿದುಕೊಂಡು ಕೆಳಗೆ ಇಳಿಯುತ್ತದೆ. ಪೈಪು ನೆಟ್ಟಗೇ ಇರುತ್ತದೆ. ರೂಫ್ ಮಾತ್ರ ನಿಮ್ಮ ಹೆಲ್ಮೆಟ್ ಮೇಲೆ ಇರುತ್ತದೆ.

ಈಗ ಸಿ ಕ್ಲಾಸ್ ಪೈಪಿನ ವಿಷಯ. ಬೇಡ. ಅದು ಐಎಸ್ 1239 ಅನ್ನುವ ಭಾರತೀಯ ಮಾನಕದ ಪ್ರಕಾರ ಬರುವ, ನೀರು, ಗ್ಯಾಸು, ಸ್ಟೀಮ್ ಸಾಗಿಸೋಕೆ ಇರುವ ಪೈಪು. ಒಳಗಿನ ಬೋರ್ ಲೆಕ್ಕದಲ್ಲಿ ಮಾರುತ್ತಾರೆ. ಒಂದೂವರೆ ಇಂಚು ಅಂತ ಕೇಳಿದರೆ ಹೊರಗಿನ ಅಳತೆ ಸುಮಾರು 48 ಎಂಎಂ ಬರುತ್ತದೆ. ಸಿ ಕ್ಲಾಸಲ್ಲಿ ಅದರ ದಪ್ಪ 4 ಎಂಎಂ, ತೂಕ ಮೀಟರಿಗೆ 4.4 ಕೆ.ಜಿ. ಆಸುಪಾಸು. ಜಿಐ ಆದ್ದರಿಂದ ಮೇಲೆ ಸತುವಿನ ಲೇಪ ಬೇರೆ. ವೆಲ್ಡ್ ಮಾಡುವಾಗ ಅದು ಉರಿದು ಬಿಳಿ ಹೊಗೆ ಬರುತ್ತದೆ, ವೆಲ್ಡ್ ಒಳಗೆ ಗುಳ್ಳೆ ಬೀಳುತ್ತದೆ. ಕಾರಿನೊಳಗೆ ಕೂತು ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುವುದೂ ಉಂಟು.

ಎಫ್‌ಐಎ ಅನ್ನುವ ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ತನ್ನ ನಿಯಮಾವಳಿಯ ಅಪೆಂಡಿಕ್ಸ್ ಜೆ, 253ನೇ ವಿಧಿಯಲ್ಲಿ ಕೇಳುವುದು ಕೋಲ್ಡ್ ಡ್ರಾನ್ ಸೀಮ್‌ಲೆಸ್ ಕಾರ್ಬನ್ ಸ್ಟೀಲ್ ಟ್ಯೂಬ್, ಅಂದರೆ ಬಿಸಿ ಮಾಡದೆ ಎಳೆದು ಮಾಡಿದ, ಉದ್ದಕ್ಕೆ ಬೆಸುಗೆ ಇಲ್ಲದ ಟ್ಯೂಬ್. ಟೆನ್ಸೈಲ್ ಸ್ಟ್ರೆಂತ್ (ಎಳೆದಾಗ ಹರಿಯದೆ ತಡೆಯುವ ಬಲ) ಕನಿಷ್ಠ 350 ಮೆಗಾಪ್ಯಾಸ್ಕಲ್ ಇರಬೇಕು. ಅಂಗಡಿಗಳಲ್ಲಿ ಇದಕ್ಕೆ ಸಿಡಿಎಸ್ ಟ್ಯೂಬ್ ಅನ್ನುತ್ತಾರೆ. ಮುಖ್ಯ ಹೂಪ್‌ಗೆ, ಅಂದರೆ ಸೀಟಿನ ಹಿಂದೆ ಬಾಗಿಲ ಚೌಕಟ್ಟಿನ ಹಾಗೆ ನಿಲ್ಲುವ ಬಾರ್‌ಗೆ, 45 ಎಂಎಂ ಹೊರ ಅಳತೆ 2.5 ಎಂಎಂ ದಪ್ಪ, ಇಲ್ಲವೇ 50 ಎಂಎಂ ಅಳತೆ 2 ಎಂಎಂ ದಪ್ಪ. ಉಳಿದ ಬಾರ್‌ಗಳಿಗೆ 38 ಎಂಎಂ 2.5 ದಪ್ಪ, ಇಲ್ಲವೇ 40 ಎಂಎಂ 2 ದಪ್ಪ. ಇವು ಕನಿಷ್ಠ ಅಳತೆಗಳು.

ಇಲ್ಲೊಂದು ಸಣ್ಣ ಲೆಕ್ಕ ನೋಡಿ, ನನಗೆ ಇಷ್ಟವಾದದ್ದು. 45ರ ಟ್ಯೂಬು ಮೀಟರಿಗೆ 2.62 ಕೆ.ಜಿ. 50ರದ್ದು 2.37 ಕೆ.ಜಿ. ಹಗುರ ಇರುವ 50ರ ಟ್ಯೂಬೇ ಬಾಗದೆ ನಿಲ್ಲುವುದರಲ್ಲಿ ಸುಮಾರು 15 ಪರ್ಸೆಂಟ್ ಮುಂದಿದೆ. ಬಾಗುವುದನ್ನು ತಡೆಯುವ ಶಕ್ತಿ ಗೋಡೆ ದಪ್ಪಕ್ಕಿಂತ ವ್ಯಾಸದ ಜೊತೆ ಬಹಳ ಬೇಗ ಏರುತ್ತದೆ, ಅದಕ್ಕೆ. ದಪ್ಪ ಪೈಪು ಅಂದರೆ ಗಟ್ಟಿ ಕೇಜು ಅನ್ನುವ ಲೆಕ್ಕ ಅಲ್ಲೇ ತಪ್ಪುತ್ತದೆ. ಒಂದು ಕೇಜಿಗೆ 25 ಮೀಟರ್ ಹಿಡಿದರೆ ಸಿಡಿಎಸ್ ಟ್ಯೂಬಲ್ಲಿ 50 ಕೆ.ಜಿ. ಹತ್ತಿರ ಮುಗಿಯುತ್ತದೆ. ಸಿ ಕ್ಲಾಸಲ್ಲಿ 110 ಕೆ.ಜಿ. ಆಗುತ್ತದೆ. ಆ ಹೆಚ್ಚಿನ 60 ಕೆ.ಜಿ.ಯಲ್ಲಿ ಬಹಳಷ್ಟು ಕಾರಿನ ಮೇಲರ್ಧದಲ್ಲೇ ಕೂರುತ್ತದೆ. ಪಲ್ಟಿಯಿಂದ ಕಾಪಾಡಲಿ ಅಂತ ಹಾಕಿದ ಕೇಜು ಕಾರನ್ನೇ ಪಲ್ಟಿ ಹೊಡೆಸೋಕೆ ತಯಾರು!

ಟ್ಯೂಬ್ ತರುವಾಗ ಮಿಲ್ ಟೆಸ್ಟ್ ಸರ್ಟಿಫಿಕೇಟ್, ಅಂದರೆ ತಯಾರಕರು ಕೊಡುವ ಪರೀಕ್ಷಾ ಪತ್ರ, ಕೇಳಿ ಇಸ್ಕೊಳ್ಳಿ. ಸ್ಕ್ರೂಟಿನಿಯಲ್ಲಿ, ಅಂದರೆ ರ‍್ಯಾಲಿಗೆ ಮುಂಚೆ ನಡೆಯುವ ಕಾರಿನ ತಪಾಸಣೆಯಲ್ಲಿ, ಅದೇ ನಿಮ್ಮ ಸಾಕ್ಷಿ. ಕತ್ತರಿಸಿದ ತುದಿಯಲ್ಲಿ ಬೆರಳು ತೂರಿಸಿ ಒಳಗೆ ಸವರಿ ನೋಡಿ. ಉದ್ದಕ್ಕೆ ಒಂದು ಗೆರೆ ಉಬ್ಬಿ ಕೈಗೆ ಸಿಕ್ಕಿದರೆ ಅದು ಇಆರ್‌ಡಬ್ಲ್ಯೂ ಪೈಪು, ಅಂದರೆ ಪಟ್ಟಿ ಸುತ್ತಿ ಉದ್ದಕ್ಕೆ ಬೆಸೆದದ್ದು, ವಾಪಸ್ ಕೊಡಿ. ಕ್ರೋಮೋಲಿ, ಟಿ45 ಅಂತೆಲ್ಲ ಬೇರೆ ಗಟ್ಟಿ ಉಕ್ಕುಗಳ ಹೆಸರು ಹೇಳಿ ಯಾರಾದರೂ ಆಸೆ ಹುಟ್ಟಿಸಿದರೆ ಈಗಲೇ ಕಿವಿಗೆ ಹಾಕ್ಕೋಬೇಡಿ. ಅವಕ್ಕೆ ವೆಲ್ಡಿಂಗ್ ಶಿಸ್ತು ಬೇರೆ. ಮೊದಲ ಕೇಜಿಗೆ ಮೈಲ್ಡ್ ಸ್ಟೀಲೇ ಸಾಕು.

ಬೆಂಡಿಂಗ್ ಊರಲ್ಲಿ ಮಾಡಿಸಬೇಡಿ. ಪ್ಲಂಬರ್‌ಗಳ ಹೈಡ್ರಾಲಿಕ್ ಬೆಂಡರ್ ಪೈಪಿನ ನಡುವಿಗೆ ಒತ್ತಿ ಬಗ್ಗಿಸುತ್ತದೆ. ತೆಳು ಟ್ಯೂಬ್ ಅದರಲ್ಲಿ ಒಳಮಗ್ಗುಲಲ್ಲಿ ಸುಕ್ಕಾಗಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಜಾಗ ಪಲ್ಟಿಯಲ್ಲಿ ಮಡಚುವ ಜಾಗ. ಬೆಂಗಳೂರಿನ ಪೀಣ್ಯದ ಕಡೆ ಮ್ಯಾಂಡ್ರಲ್ ಬೆಂಡಿಂಗ್ (ಟ್ಯೂಬಿನೊಳಗೆ ಆಸರೆ ಇಟ್ಟು ಬಗ್ಗಿಸುವುದು) ಮಾಡುವ ವರ್ಕ್‌ಶಾಪ್ ಹುಡುಕಿ. ನಿಮ್ಮ ಟ್ಯೂಬಿನ ಅಳತೆಯದೇ ಡೈ ಇದೆಯಾ ಕೇಳಿ. 48ರ ಡೈಯಲ್ಲಿ 45ರ ಟ್ಯೂಬ್ ಬಗ್ಗಿಸಿ ಕೊಡುವ ಪುಣ್ಯಾತ್ಮರೂ ಇದ್ದಾರೆ. ಬೆಂಡಿನ ರೇಡಿಯಸ್ ಟ್ಯೂಬಿನ ಮಧ್ಯರೇಖೆಗೆ ವ್ಯಾಸದ ಮೂರು ಪಟ್ಟು ಇರಲೇಬೇಕು, ಅಂದರೆ 45ಕ್ಕೆ 135 ಎಂಎಂ. ಬೆಂಡ್ ಆದ ಮೇಲೆ ವರ್ನಿಯರ್ ಹಿಡಿದು ಎರಡೂ ಕಡೆ ಅಳೆಯಿರಿ. ಸಣ್ಣ ಅಳತೆಯನ್ನು ದೊಡ್ಡ ಅಳತೆಯಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬರಕೂಡದು. 43 ಮತ್ತು 46.5 ಬಂದರೆ ಪಾಸು. 41 ಮತ್ತು 47 ಬಂದರೆ ಗುಜರಿಗೆ.

ಹೂಪಿನ ಆಕಾರ ತೆಗೆಯೋಕೆ ನಿಮ್ಮ ವೆಲ್ಡರ್ ಸಾಕು. 6 ಎಂಎಂ ಸರಳನ್ನು ಕಾರಿನ ಒಳಮೈಗೆ ತಾಗಿಸಿ, ಬಾಗಿಲ ಮಧ್ಯದ ಪಿಲ್ಲರ್ ಹಿಡಿದು ರೂಫ್ ಹಾದು ಆಚೆ ಪಿಲ್ಲರ್‌ವರೆಗೆ ಬಗ್ಗಿಸಲಿ. ಆ ಸರಳನ್ನೇ ಪೀಣ್ಯಕ್ಕೆ ಒಯ್ಯಿರಿ. ಕೇಜು ಕಾರಿನ ಬಾಡಿಗೆ ಎಷ್ಟು ಹತ್ತಿರವೋ ಅಷ್ಟು ನಿಮ್ಮ ತಲೆಗೆ ದೂರ. ಹೂಪ್ ಒಂದೇ ಟ್ಯೂಬಲ್ಲಿ ಆಗಬೇಕು, ನಡುವೆ ಜಾಯಿಂಟ್ ಕೂಡದು. ಟ್ಯೂಬ್ ಬಗ್ಗಿಸಿ ಬಿಟ್ಟ ಮೇಲೆ ಒಂದೆರಡು ಡಿಗ್ರಿ ವಾಪಸ್ ತೆರೆದುಕೊಳ್ಳುತ್ತದೆ. ಅದಕ್ಕೆ ಮೊದಲು ತುಂಡು ಟ್ಯೂಬಲ್ಲಿ ಒಂದು ಬೆಂಡ್ ಮಾಡಿಸಿ ನೋಡಿ.

ಅದಕ್ಕೂ ಮುಂಚೆ ಕಾರನ್ನು ಪೂರ್ತಿ ಬಿಚ್ಚಬೇಕು. ಸೀಟು, ಡ್ಯಾಶ್‌ಬೋರ್ಡು, ಕಾರ್ಪೆಟ್, ರೂಫ್ ಲೈನಿಂಗ್, ವೈರಿಂಗ್ ಎಲ್ಲ ಆಚೆ. ಬ್ಯಾಟರಿ, ಇಸಿಯು (ಎಂಜಿನ್ ಕಂಪ್ಯೂಟರ್) ಇದ್ದರೆ ಅದು, ಪೆಟ್ರೋಲ್ ಟ್ಯಾಂಕ್ ಕೂಡ. ಫ್ಲೋರಿಗೆ ಅಂಟಿಸಿದ ಟಾರ್ ಶೀಟನ್ನು ಕೆರೆದು ತೆಗೆಯಿರಿ, ಇಲ್ಲವಾದರೆ ವೆಲ್ಡ್ ಬಿಸಿಗೆ ಅದೇ ಹತ್ತಿಕೊಳ್ಳುತ್ತದೆ.

ತೆಗೆದ ಮೇಲೆ ಕಾಣುವುದೇ ನಿಜವಾದ ಕಾರು. ನಿಮ್ಮ ಕಡೆ ಮಳೆಗಾಲ ಗೊತ್ತಲ್ಲ. ಮಲೆನಾಡಲ್ಲಿ ಬಾಳಿದ ಎಸ್ಟೀಮ್‌ನ ಸಿಲ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಬಾಕ್ಸ್, ಮೇಲೆ ಪೇಂಟ್ ಮಿಂಚುತ್ತಿದ್ದರೂ ಒಳಗೆ ತಿಂದಿರುತ್ತದೆ. ದಪ್ಪ ಸ್ಕ್ರೂಡ್ರೈವರ್ ತಗೊಂಡು ಸಿಲ್ ಉದ್ದಕ್ಕೂ ಗಟ್ಟಿಯಾಗಿ ತಿವಿಯಿರಿ. ಒಳಗೆ ಹೋದರೆ ಕೇಜಿನ ಮಾತು ಆಮೇಲೆ. ಮೊದಲು ಟಿಂಕರ್ ಹತ್ತಿರ ಆ ಭಾಗ ಕತ್ತರಿಸಿ ಹೊಸ ಶೀಟ್ ಹಾಕಿಸಿ. ತುಕ್ಕಿಗೆ ಹಾಕಿದ ವೆಲ್ಡ್ ವೆಲ್ಡ್ ಅಲ್ಲ.

ಈಗ ಕಾಲುಗಳು. ಕೇಜಿನ ಪ್ರತಿ ಕಾಲಿನ ಕೆಳಗೆ ಕಾರಿನ ಬಾಡಿಗೆ 3 ಎಂಎಂ ದಪ್ಪದ ಪ್ಲೇಟು ವೆಲ್ಡ್ ಆಗಬೇಕು, ಕನಿಷ್ಠ 120 ಚದರ ಸೆಂ.ಮೀ., ಅಂದರೆ 10 ಸೆಂ.ಮೀ.ಗೆ 12 ಸೆಂ.ಮೀ. ಹೂಪಿನಿಂದ ಹಿಂದಕ್ಕೆ ಇಳಿಯುವ ಬಾರ್‌ಗಳಿಗೆ 60 ಚದರ ಸೆಂ.ಮೀ. ಸಾಕು. ಆದರೆ ಫ್ಲೋರ್ ಮೇಲೆ ಚಪ್ಪಟೆ ಪ್ಲೇಟ್ ಇಟ್ಟು ಸುಮ್ನೆ ಬಿಡಬೇಡಿ. ಪ್ಲೇಟನ್ನು ಎಲ್ ಆಕಾರಕ್ಕೆ ಮಡಿಸಿ, ಅರ್ಧ ಫ್ಲೋರ್ ಮೇಲೆ, ಅರ್ಧ ಸಿಲ್‌ನ ನೇರ ಗೋಡೆ ಮೇಲೆ ಕೂರಿಸಿ. ಆಗ ಕಾಲು ಕೆಳಗೆ ಒತ್ತಿದಾಗ ಸಿಲ್ ಗೋಡೆಯೂ ಎದೆ ಕೊಡುತ್ತದೆ. ತೆಳು ತಗಡು ತನ್ನ ಮೈಗೆ ಅಡ್ಡಲಾಗಿ ಬಂದ ಒತ್ತಡಕ್ಕೆ ಜಗ್ಗುತ್ತದೆ, ತನ್ನ ಮೈಗುಂಟ ಬಂದ ಒತ್ತಡವನ್ನು ಎಷ್ಟೋ ಪಾಲು ಜಾಸ್ತಿ ತಡೆಯುತ್ತದೆ. ಕೇಜಿನ ಕಾಲಿನ ವಿದ್ಯೆ ಬಹುಪಾಲು ಇಷ್ಟೇ. ಇನ್ನೊಂದು ಮಾತು. ಜಿಪ್ಸಿಯ ಕೇಜ್ ನೋಡಿಕೊಂಡು ನಕಲು ಮಾಡಬೇಡಿ. ಅದಕ್ಕೆ ಕೆಳಗೆ ಬೇರೆಯೇ ಚಾಸಿ ಇದೆ, ಎಸ್ಟೀಮ್‌ಗೆ ಬಾಡಿಯೇ ಚಾಸಿ.

ಹೂಪ್ ನಿಂತ ಮೇಲೆ ಕರ್ಣಗಳು. ನಿಮ್ಮ ವೆಲ್ಡರ್‌ಗೆ ಇದನ್ನ ಹೇಳಿಕೊಡಬೇಕಿಲ್ಲ. ಗೇಟಿಗೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಹಾಕದಿದ್ದರೆ ಎರಡು ವರ್ಷಕ್ಕೆ ಜೋತು ಬೀಳುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಕೇಜೂ ಹಾಗೇ. ನಾಲ್ಕು ಬಾರಿನ ಚೌಕ ಎಷ್ಟೇ ದಪ್ಪ ಇದ್ದರೂ ಪಕ್ಕದ ಹೊಡೆತಕ್ಕೆ ವಾಲುತ್ತದೆ. ತ್ರಿಕೋನ ವಾಲಲ್ಲ. ಹೂಪ್ ಒಳಗೆ ಎಕ್ಸ್, ಬಾಗಿಲಲ್ಲಿ ಎಕ್ಸ್, ರೂಫಲ್ಲಿ ಎಕ್ಸ್ ಅಥವಾ ವಿ, ವಿಂಡ್‌ಶೀಲ್ಡ್ ಪಿಲ್ಲರ್ ಪಕ್ಕ ಒಂದೊಂದು ಬಾರ್. ಹಿಂದಕ್ಕೆ ಇಳಿಯುವ ಬಾರ್‌ಗಳು ನೇರ ಇರಲೇಬೇಕು, ನಿಲುವಿನಿಂದ ಕನಿಷ್ಠ 30 ಡಿಗ್ರಿ ಓರೆ. ಅಂದಕ್ಕೆ ಅಂತ ಅದನ್ನ ಬಾಗಿಸಿದರೆ ಅದು ಆಸರೆ ಅಲ್ಲ, ಸ್ಪ್ರಿಂಗು. ಬಾಗಿಲ ಬಾರ್‌ಗಳು ಬಾಗಿಲ ತೆರವಿನ ಅರ್ಧ ಎತ್ತರ ದಾಟಬಾರದು, ಆಮೇಲೆ ನೀವು ಇಳಿಯುವುದು ಹೇಗೆ?

ನಾನು ಯಾವುದೇ ಕೇಜ್ ನೋಡುವಾಗ ಬಾರ್‌ಗಳನ್ನು ಬಿಟ್ಟು ಅವು ಕೂಡುವ ಗಂಟುಗಳನ್ನು ಎಣಿಸುತ್ತೇನೆ. ಒಂದು ಬಾರ್ ಬಂದು ಮತ್ತೊಂದರ ನಟ್ಟನಡುವೆ, ಎದುರು ಆಸರೆ ಇಲ್ಲದ ಕಡೆ ಗುದ್ದಿ ನಿಂತಿದ್ದರೆ, ಅದು ಹೊಡೆತವನ್ನು ಹಂಚುತ್ತಿಲ್ಲ. ಆ ಎರಡನೇ ಬಾರನ್ನು ಮುರಿಯೋಕೆ ಸಹಾಯ ಮಾಡುತ್ತಿದೆ. ಮೂರು ನಾಲ್ಕು ಬಾರ್ ಒಂದೇ ಬಿಂದುವಿಗೆ ಬಂದು ಸೇರಬೇಕು. ಕಷ್ಟದ ಕೆಲಸ, ನಿಜ. ಕೇಜ್ ಮಾಡುವವರ ಕೈಚಳಕ ಕಾಣುವುದೂ ಅಲ್ಲೇ.

ಆ ಜಾಯಿಂಟ್ ಹೇಗೆ ಅಂತ ಸ್ವಲ್ಪ ನಿಂತು ನೋಡೋಣ. 40ರ ಟ್ಯೂಬು 45ರ ಹೂಪಿಗೆ ಬಂದು ತಾಗುವಾಗ, ಅದರ ತುದಿಯನ್ನು ಮೀನಿನ ಬಾಯಿ ಥರ ಕತ್ತರಿಸಬೇಕು. ಹೋಲ್ ಸಾ ಜಿಗ್ ಇದ್ದರೆ ಸುಲಭ. ಇಲ್ಲವಾದರೆ ಕಾಗದದ ಪಟ್ಟಿ ಸುತ್ತಿ, ಗೆರೆ ಎಳೆದು, ಹ್ಯಾಂಡ್ ಗ್ರೈಂಡರಲ್ಲಿ ಕತ್ತರಿಸಿ, ಅರದಲ್ಲಿ ಉಜ್ಜಿ, ಹಿಡಿದು ನೋಡಿ, ಮತ್ತೆ ಉಜ್ಜಿ. ಟ್ಯೂಬು ಹೂಪಿನ ಮೇಲೆ ಕೂತಾಗ ಹಿಂದೆ ಟಾರ್ಚ್ ಹಿಡಿದರೆ ಬೆಳಕು ತೂರಬಾರದು. ಗ್ಯಾಪ್ ಬಿಟ್ಟು ಅದನ್ನು ವೆಲ್ಡಲ್ಲಿ ತುಂಬಿಸುವುದು ಗೇಟಿಗೆ ನಡೆಯುತ್ತದೆ. ಇಲ್ಲಿ 2 ಎಂಎಂ ಗೋಡೆ ಸುಟ್ಟು ತೂತಾಗುತ್ತದೆ, ಇಲ್ಲವೇ ಬೇರು ಹಿಡಿಯದ ದಪ್ಪ ವೆಲ್ಡ್ ಮೇಲೆ ಮೇಲೆ ಕೂರುತ್ತದೆ.

ಎಲ್ಲ ಬಾರಿಗೂ ಮೊದಲು ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕಿ ವೆಲ್ಡ್, ಮಾತ್ರ ಹಾಕಿ. ಸೀಟು ಇಟ್ಟು, ಹೆಲ್ಮೆಟ್ ಹಾಕಿ ಕೂತು, ಸ್ಟೀರಿಂಗ್ ಹಿಡಿದು, ಬಾಗಿಲು ಹಾಕಿ ತೆಗೆದು ನೋಡಿ. ಆ ಹಂತದಲ್ಲೇ ರ‍್ಯಾಲಿ ಸ್ಕ್ರೂಟಿನಿ ಗೊತ್ತಿರುವವರೊಬ್ಬರಿಗೆ ತೋರಿಸಿ. ಟ್ಯಾಕ್ ಬಿಚ್ಚೋಕೆ ಐದು ನಿಮಿಷ ಸಾಕು, ಪೂರ್ತಿ ವೆಲ್ಡ್ ಬಿಚ್ಚೋಕೆ ಒಂದು ದಿನ ಬೇಕು.

ವೆಲ್ಡಿಂಗ್ ಯಾವುದು? ಅಂಗಡಿಯಲ್ಲಿ ಸಿಒಟು ವೆಲ್ಡಿಂಗ್ ಅಂತ ಕರೆಯುವ ಮಿಗ್, ಇಲ್ಲವೇ ಆರ್ಗಾನ್ ಅಂತ ಕರೆಯುವ ಟಿಗ್. ಕಡ್ಡಿ ಹಾಕುವ ಆರ್ಕ್ ವೆಲ್ಡಿಂಗಲ್ಲಿ ತೆಳು ಟ್ಯೂಬಿನ ಸುತ್ತ ಪೂರ್ತಿ ಸುತ್ತು ಬರುವುದು, ಅದೂ ತಲೆ ಮೇಲೆ ಕೈಯೆತ್ತಿ, ಸ್ಲ್ಯಾಗ್ (ಕಡ್ಡಿಯ ಲೇಪ ಕರಗಿ ಬರುವ ಕಿಟ್ಟ) ಒಳಗೆ ಸಿಕ್ಕದ ಹಾಗೆ, ಬಹಳ ಕಷ್ಟ. ನಿಯಮವೂ ಗ್ಯಾಸ್ ರಕ್ಷಣೆ ಇರುವ ವೆಲ್ಡನ್ನೇ ಮೆಚ್ಚುತ್ತದೆ. ಮಿಗ್ ಮೆಷಿನ್ ಬಾಡಿಗೆಗೆ ತಂದು ನಿಮ್ಮ ವೆಲ್ಡರ್ ಕೈಗೆ ಕೊಡಿ, ಆದರೆ ಮೊದಲು ಒಂದು ಪರೀಕ್ಷೆ ಇಡಿ. ಉಳಿದ ತುಂಡುಗಳಲ್ಲಿ ಟಿ ಆಕಾರದ ಜಾಯಿಂಟ್ ಮಾಡಿಸಿ. ಒಂದನ್ನು ಹ್ಯಾಕ್ಸಾದಲ್ಲಿ ಸೀಳಿ, ವೆಲ್ಡ್ ಗೋಡೆಯ ಒಳಮೈವರೆಗೆ ಕರಗಿ ಸೇರಿದೆಯಾ ನೋಡಿ. ಇನ್ನೊಂದನ್ನು ವೈಸಿಗೆ ಕಟ್ಟಿ ಸುತ್ತಿಗೆಯಲ್ಲಿ ಬಾರಿಸಿ. ಟ್ಯೂಬು ಬಗ್ಗಬೇಕು, ವೆಲ್ಡ್ ಬಿಡಬಾರದು. ಪಾಸಾದರೆ ಅವರಿಗಿಂತ ಒಳ್ಳೆಯವರು ಬೇಕಿಲ್ಲ.

ಇನ್ನು ಎಲ್ಲರೂ ಮೋಸ ಮಾಡುವ ಜಾಗ: ರೂಫ್ ಹತ್ತಿರದ ಜಾಯಿಂಟಿನ ಮೇಲ್ಭಾಗ. ಟ್ಯೂಬು ರೂಫಿಗೆ ಅಂಟಿಕೊಂಡಿರುತ್ತದೆ, ವೆಲ್ಡಿಂಗ್ ಟಾರ್ಚ್ ಹೋಗಲ್ಲ. ಕೆಳಗಿನ ಮುಕ್ಕಾಲು ಸುತ್ತು ಬೆಸೆದು ಮೇಲೆ ಬಿಟ್ಟುಬಿಡುತ್ತಾರೆ, ಪೇಂಟ್ ಹೊಡೆದ ಮೇಲೆ ಯಾರಿಗೂ ಕಾಣಲ್ಲ. ಸ್ಕ್ರೂಟಿನಿಯರ್ ಬೆರಳು ಹಾಕಿ ಸವರುವುದೂ ಅಲ್ಲೇ. ಇದಕ್ಕೆ ದಾರಿ ಇದೆ. ಕಾಲಿನ ಪ್ಲೇಟ್ ಕೂರಿಸುವ ಮೊದಲು ಆ ಜಾಗದಲ್ಲಿ ಫ್ಲೋರಿಗೆ ಟ್ಯೂಬ್ ತೂರುವಷ್ಟು ತೂತು ಮಾಡಿ. ಟ್ಯಾಕ್ ಆದ ಕೇಜನ್ನು ಪೂರ್ತಿ ಕೆಳಗೆ ಇಳಿಸಿ, ಕಾಲುಗಳು ಫ್ಲೋರ್ ಕೆಳಗೆ ಇಣುಕಲಿ. ರೂಫಿಗೂ ಕೇಜಿಗೂ ನಡುವೆ ಕೈ ಆಡುವ ಜಾಗ ಸಿಗುತ್ತದೆ. ಮೇಲಿನ ಜಾಯಿಂಟ್‌ಗಳನ್ನು ಪೂರ್ತಿ ಸುತ್ತು ಬೆಸೆದು, ಕೇಜನ್ನು ಮತ್ತೆ ಎತ್ತಿ, ಕೆಳಗೆ ಪ್ಲೇಟ್ ತೂರಿಸಿ ಕಾಲು ಬೆಸೆಯಿರಿ. ತೂತು ಪ್ಲೇಟಿನ ಅಡಿಗೆ ಹೋಗುತ್ತದೆ, ಪ್ಲೇಟು ಅದರ ಆಚೆಗೆ ಎಲ್ಲ ಕಡೆ ಧಾರಾಳ ಚಾಚಿರಲಿ.

ಬೆಸೆಯುವಾಗ ಒಂದೇ ಕಡೆಯಿಂದ ಸಾಲಾಗಿ ಹೋಗಬೇಡಿ, ಎಡಕ್ಕೊಂದು ಬಲಕ್ಕೊಂದು. ಬಿಸಿಗೆ ಕೇಜ್ ಎಳೆದುಕೊಂಡು ಬಾಗಿಲು ಕೂರದ ಹಾಗಾಗುತ್ತದೆ. ವೆಲ್ಡನ್ನು ಗ್ರೈಂಡರಲ್ಲಿ ಉಜ್ಜಿ ನುಣುಪು ಮಾಡಬೇಡಿ. ಉಜ್ಜಿದಷ್ಟೂ ಲೋಹ ಹೋಯಿತು, ನೋಡುವವರಿಗೆ ಅನುಮಾನವೂ ಬಂತು. ಕಾರ್ ಹೊರಗೆ ಒಬ್ಬರು ಫೈರ್ ಎಕ್ಸ್‌ಟಿಂಗ್ವಿಷರ್ ಹಿಡಿದು ನಿಂತಿರಲಿ.

ಬೋಲ್ಟಾ ವೆಲ್ಡಾ ಅಂತ ಕೇಳಿದಿರಿ. ನಿಯಮ ಎರಡಕ್ಕೂ ಒಪ್ಪುತ್ತದೆ. ಬೋಲ್ಟ್ ಆದರೆ ಪ್ರತಿ ಕಾಲಿಗೆ ಕನಿಷ್ಠ ಮೂರು ಎಂ8 ಬೋಲ್ಟ್, 8.8 ಗ್ರೇಡ್, ತಲೆ ಮೇಲೆ ಆ ನಂಬರ್ ಅಚ್ಚಾಗಿರಬೇಕು. ಪ್ಲೇಟು ಹೇಗಿದ್ದರೂ ಬಾಡಿಗೆ ವೆಲ್ಡ್ ಆಗಲೇಬೇಕು. ಅಷ್ಟು ಮಾಡಿದ ಮೇಲೆ ವೆಲ್ಡೇ ಮಾಡಿಬಿಡಿ ಅನ್ನುತ್ತೇನೆ. ಕೆಟ್ಟ ರಸ್ತೆಯಲ್ಲಿ ಬಾಡಿ ತಿರುಚುವುದು ಕಡಿಮೆಯಾಗುತ್ತದೆ, ಸಸ್ಪೆನ್ಷನ್ ಸರಿಯಾಗಿ ಕೆಲಸ ಮಾಡುತ್ತದೆ.

ಹಾರ್ನೆಸ್ ಬೆಲ್ಟಿಗೆ, ಅಂದರೆ ಭುಜ, ಸೊಂಟ ಎರಡನ್ನೂ ಬಿಗಿಯುವ ರೇಸಿಂಗ್ ಬೆಲ್ಟಿಗೆ, ಹೂಪಲ್ಲಿ ಅಡ್ಡ ಬಾರ್ ಬೇಕು. ಭುಜದ ಪಟ್ಟಿ ಹಿಂದಕ್ಕೆ ಹೆಚ್ಚೂಕಮ್ಮಿ ಸಮವಾಗಿ ಹೋಗಲಿ, ಇಳಿಜಾರು 10 ಡಿಗ್ರಿಯೊಳಗಿದ್ದರೆ ಒಳ್ಳೆಯದು, 45 ಅಂತೂ ದಾಟಲೇಬಾರದು. ಕಡಿದಾಗಿ ಇಳಿದರೆ ಗುದ್ದಿದಾಗ ಬೆನ್ನುಮೂಳೆಯನ್ನೇ ಕೆಳಗೆ ಒತ್ತುತ್ತದೆ. ಹೆಲ್ಮೆಟ್ ತಾಗಬಹುದಾದ ಕಡೆಯೆಲ್ಲ ಎಫ್‌ಐಎ 8857-2001 ಟೈಪ್ ಎ ಪ್ಯಾಡಿಂಗ್ ಹಾಕಿ. ಎಸಿ ಪೈಪಿಗೆ ಸುತ್ತುವ ಕಪ್ಪು ಸ್ಪಾಂಜು ನೋಡೋಕೆ ಅದೇ ಥರ ಇರುತ್ತದೆ, ಅಗ್ಗ ಕೂಡ. ಬೆರಳಲ್ಲಿ ಒತ್ತಿದರೆ ಟ್ಯೂಬೇ ಸಿಗುತ್ತದಲ್ಲ, ತಲೆಗೂ ಹಾಗೇ ಸಿಗುತ್ತದೆ.

ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡಾ ಸಂಸ್ಥೆ) ನಡೆಸುವ ಯಾವ ವರ್ಗದಲ್ಲಿ ಓಡಿಸುತ್ತೀರಿ ಅಂತ ಮೊದಲೇ ತೀರ್ಮಾನಿಸಿ, ಆ ವರ್ಷದ ನಿಯಮ ಪುಸ್ತಕ ಓದಿ ಟ್ಯೂಬ್ ಕೊಳ್ಳಿ. ನಿಮ್ಮ ಆಸೆ ಟಿಎಸ್‌ಡಿ ರ‍್ಯಾಲಿ ಆದರೆ ಅದು ವೇಗದ ಓಟ ಅಲ್ಲ, ಸಮಯ ಹಿಡಿಯುವ ಆಟ. ಅದಕ್ಕೆ ಇಷ್ಟೆಲ್ಲ ರಗಳೆ ಬೇಡ.

ಕೊನೆಯ ಪ್ರಶ್ನೆ, ಪೇಟೆಗೆ ಓಡಾಡಬಹುದಾ? ದಯವಿಟ್ಟು ಬೇಡ. ಕೇಜು ಹೆಲ್ಮೆಟ್, ಹಾರ್ನೆಸ್, ಬಕೆಟ್ ಸೀಟಿನ ಜೊತೆ ಮಾತ್ರ ಕೆಲಸ ಮಾಡುತ್ತದೆ. ಮಾಮೂಲಿ ಸೀಟ್‌ಬೆಲ್ಟ್ ಹಾಕಿ ಬರಿತಲೆಯಲ್ಲಿ ಕೂತರೆ, ಹಿಂದಿನಿಂದ ಯಾರೋ ಮೆಲ್ಲಗೆ ಗುದ್ದಿದರೂ ತಲೆ ಹೋಗಿ ಸ್ಟೀಲಿಗೆ ಬಡಿಯಬಹುದು. ಹಿಂದಿನ ಸೀಟಲ್ಲಿ ಮಕ್ಕಳಿದ್ದರಂತೂ ಅವರ ಮುಖದ ಎದುರೇ ಹೂಪ್. ಕಾನೂನೂ ಒಪ್ಪಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಅದನ್ನೇ. ಎಸ್ಟೀಮ್‌ನ ರ‍್ಯಾಲಿಗೇ ಮೀಸಲಿಡಿ, ಜಾಗಕ್ಕೆ ಟ್ರೈಲರ್‌ ಅಥವಾ ಪಿಕಪ್ ಮೇಲೆ ಒಯ್ಯಿರಿ. ಪೇಟೆಗೆ ಬೇರೆ ಗಾಡಿ ನೋಡಿಕೊಳ್ಳಿ.